ಅಪ್‌ಡೇಟ್ ಬಂದ ಮೇಲಿನ ದಿನಗಳು

2024ರ ಜುಲೈ ತಿಂಗಳು. ಮಂಗೋಲಿಯಾದ ವಿದೇಶಾಂಗ ಸಚಿವಾಲಯದ ವೆಬ್‌ಸೈಟನ್ನು ಜನ ಎಂದಿನಂತೆ ತಮ್ಮ ಮೊಬೈಲುಗಳಲ್ಲಿ ತೆರೆದು ನೋಡುತ್ತಿದ್ದರು. ವಿಳಾಸ ಸರಿಯಾಗಿತ್ತು, ತಾಣ ಸಾಚಾ ಸರ್ಕಾರದ್ದೇ ಆಗಿತ್ತು. ಯಾರೂ ಯಾವ ಲಾಟರಿ ಲಿಂಕನ್ನೂ ಒತ್ತಿರಲಿಲ್ಲ, ಯಾವ ಫೈಲನ್ನೂ ಇಳಿಸಿಕೊಂಡಿರಲಿಲ್ಲ. ಆದರೆ ಆ ತಾಣಕ್ಕೆ ಮೊದಲೇ ಕನ್ನ ಹಾಕಿದ್ದವರು ಪುಟದೊಳಗೆ ಒಂದು ತುಣುಕು ಜಾವಾಸ್ಕ್ರಿಪ್ಟ್ ಸೇರಿಸಿಟ್ಟಿದ್ದರು. ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ಬಳಸಿ ಬಂದವರನ್ನು ಅದು ಸದ್ದಿಲ್ಲದೆ ಬೇರೊಂದು ಕಡೆಗೆ ಎಳೆದೊಯ್ಯುತ್ತಿತ್ತು. ಅಲ್ಲಿ ಬ್ರೌಸರ್‌ನ ಎರಡು ದೋಷಗಳನ್ನು ಒಂದರ ಹಿಂದೊಂದರಂತೆ ಬಳಸಿ ಒಳನುಗ್ಗಿ, ಕುಕಿಗಳನ್ನೂ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕದಿಯುತ್ತಿತ್ತು. ಕುಕಿ ಕೈಗೆ ಸಿಕ್ಕರೆ ಪಾಸ್‌ವರ್ಡ್ ಕೂಡ ಬೇಕಾಗುವುದಿಲ್ಲ. ನೀವು ಮೇಲ್‌ಗೆ ಒಮ್ಮೆ ಲಾಗಿನ್ ಆದ ಮೇಲೆ ಪದೇ ಪದೇ ಕೇಳದಿರಲಿ ಎಂದು ಬ್ರೌಸರ್ ಇಟ್ಟುಕೊಳ್ಳುವ ಗುರುತಿನ ಚೀಟಿ ಅದು. ಅದನ್ನು ಹಿಡಿದು ಬಂದವರನ್ನು ಮೇಲ್ ಸರ್ವರ್ ನೀವೆಂದೇ ನಂಬುತ್ತದೆ.

ಗೂಗಲ್‌ನ ಥ್ರೆಟ್ ಅನಾಲಿಸಿಸ್ ಗ್ರೂಪ್ ಆ ಆಗಸ್ಟ್ ತಿಂಗಳ ಕೊನೆಗೆ ಇದರ ವಿವರಗಳನ್ನು ಹೊರಗಿಟ್ಟಿತು. ಇದರ ಹಿಂದೆ ರಷ್ಯಾ ಸರ್ಕಾರದ ಬೆಂಬಲವಿರುವ ಎಪಿಟಿ29 ಎಂಬ ಗುಂಪಿದೆ ಎಂಬುದು ಆ ತಂಡದ ಅಂದಾಜು. ಆದರೆ ಸಾಮಾನ್ಯ ಓದುಗರಾದ ನಮಗೆ ಬೇಹುಗಾರರ ಹೆಸರಿಗಿಂತ ಮುಖ್ಯವಾದ ವಿಷಯ ಆ ವರದಿಯಲ್ಲಿ ಬೇರೊಂದಿದೆ. ಆ ಎರಡು ದೋಷಗಳನ್ನು ಕ್ರೋಮ್ ಅದೇ ವರ್ಷದ ಮೇ 9 ಮತ್ತು ಮೇ 23ರಂದೇ ಸರಿಪಡಿಸಿ ಅಪ್‌ಡೇಟ್ ಕೊಟ್ಟಾಗಿತ್ತು. ಜುಲೈನ ದಾಳಿ ಗುರಿಯಿಟ್ಟದ್ದು ಕ್ರೋಮ್ 121ರಿಂದ 123ರವರೆಗಿನ ಆವೃತ್ತಿಗಳನ್ನು. 124ನೇ ಆವೃತ್ತಿ ಏಪ್ರಿಲ್ ನಡುವಿನಲ್ಲೇ ಬಂದಿತ್ತು. ಅಂದರೆ ಸುಮಾರು ಮೂರು ತಿಂಗಳು ಅಪ್‌ಡೇಟ್ ಮಾಡದೆ ಉಳಿದವರನ್ನೇ ಆರಿಸಿಕೊಂಡು ಆ ಬಲೆ ಬೀಸಲಾಗಿತ್ತು. ಅದೇ ದಿನ, ಅದೇ ಪುಟವನ್ನು ಹೊಸ ಕ್ರೋಮ್‌ನಲ್ಲಿ ತೆರೆದವರಿಗೆ ಏನೂ ಆಗಲಿಲ್ಲ.

ದೋಷವೊಂದು ಯಾರಿಗೂ ಗೊತ್ತಿಲ್ಲದಿರುವಾಗ ಅಪಾಯ ಹೆಚ್ಚು, ಸರಿಪಡಿಸಿದ ಮೇಲೆ ಅಪಾಯ ಮುಗಿಯಿತು ಎಂದು ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ಬ್ರೌಸರ್‌ಗಳ ಮಟ್ಟಿಗೆ ಆ ಲೆಕ್ಕ ಅರ್ಧ ಮಾತ್ರ ಸರಿ. ಅಪ್‌ಡೇಟ್ ಮಾಡಿಕೊಂಡವರ ಅಪಾಯ ಮುಗಿಯುತ್ತದೆ. ಮಾಡಿಕೊಳ್ಳದವರ ಅಪಾಯ ಆ ದಿನದಿಂದಲೇ ಏರತೊಡಗುತ್ತದೆ. ಇದು ಹೇಗೆ ಎಂದು ತಿಳಿಯಲು ಒಂದೇ ಒಂದು ದೋಷದ ಕಥೆಯನ್ನು ಹತ್ತಿರದಿಂದ ನೋಡಬೇಕು.

ಇಂದಿನ ಬ್ರೌಸರ್ ಬರೀ ಪುಟ ತೋರಿಸುವ ಕಿಟಕಿಯಾಗಿ ಉಳಿದಿಲ್ಲ. ಅದು ವಿಡಿಯೊ ಓಡಿಸುತ್ತದೆ, ಪಿಡಿಎಫ್ ತೆರೆಯುತ್ತದೆ, ಕನ್ನಡದ ಒತ್ತಕ್ಷರಗಳನ್ನು ಜಾಗ ನೋಡಿ ಕೂರಿಸುತ್ತದೆ, ಯಾರೋ ಬರೆದ ಪ್ರೋಗ್ರಾಮನ್ನು ನಮ್ಮ ಯಂತ್ರದಲ್ಲಿ ನಡೆಸುತ್ತದೆ. ಇದಕ್ಕೆಲ್ಲ ಕೋಟಿಗಟ್ಟಲೆ ಸಾಲುಗಳ ಕೋಡ್ ಬೇಕು. ಅದರ ಬಹುಪಾಲು ಸಿ++ ಭಾಷೆಯಲ್ಲಿದೆ. ಅಪರಿಚಿತರು ಕಳಿಸಿದ ಸರಕನ್ನು ಇಷ್ಟು ಬಗೆಯಲ್ಲಿ ಬಿಚ್ಚಿ ನೋಡುವ ಇನ್ನೊಂದು ತಂತ್ರಾಂಶ ನಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ ಎಂದೇ ಹೇಳಬೇಕು. ಚಿತ್ರ ತೋರಿಸುವುದು ಇವುಗಳಲ್ಲೆಲ್ಲ ತೀರಾ ಸಾಧಾರಣ ಕೆಲಸ ಎನ್ನಿಸುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಜಗತ್ತಿನ ಮುಖ್ಯ ಬ್ರೌಸರ್‌ಗಳೆಲ್ಲ ಒಂದೇ ವಾರದೊಳಗೆ ತುರ್ತು ಅಪ್‌ಡೇಟ್ ಕೊಡಬೇಕಾಗಿ ಬಂದದ್ದು ಈ ಸಾಧಾರಣ ಕೆಲಸದಲ್ಲಿದ್ದ ಒಂದು ಲೋಪದಿಂದ.

ವೆಬ್‌ಪಿ ಎಂಬುದು ಗೂಗಲ್ 2010ರಲ್ಲಿ ಪ್ರಕಟಿಸಿದ ಚಿತ್ರ ಮಾದರಿ. ಜೆಪೆಗ್‌ಗಿಂತ ಕಡಿಮೆ ಜಾಗ ತಿನ್ನುವುದರಿಂದ ಇಂದು ವೆಬ್‌ನಲ್ಲಿ ಎಲ್ಲೆಲ್ಲೂ ಅದು ಕಾಣುತ್ತದೆ. ಅದನ್ನು ಬಿಡಿಸುವ ಕೋಡ್ ಕಟ್ಟಿಗೆ ಲಿಬ್‌ವೆಬ್‌ಪಿ ಎಂದು ಹೆಸರು. ಎಲ್ಲರಿಗೂ ಮುಕ್ತವಾಗಿ ಸಿಗುವ ಕೋಡ್ ಆದ್ದರಿಂದ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಲ್ಲವೂ ಇದನ್ನೇ ಬಳಸುತ್ತವೆ.

ಗುಣಮಟ್ಟ ಒಂದಿಷ್ಟೂ ಕೆಡದಂತೆ ಚಿತ್ರವನ್ನು ಕುಗ್ಗಿಸಲು ವೆಬ್‌ಪಿ ಬಳಸುವ ಉಪಾಯಗಳಲ್ಲೊಂದು ಹಫ್‌ಮನ್ ಸಂಕೇತ. ಇದರ ಹುಟ್ಟಿನ ಕಥೆ ಚೆನ್ನಾಗಿದೆ. 1951ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರೊಫೆಸರ್ ರಾಬರ್ಟ್ ಫ್ಯಾನೊ ತಮ್ಮ ವಿದ್ಯಾರ್ಥಿಗಳಿಗೆ, ಅಂತಿಮ ಪರೀಕ್ಷೆ ಬರೆಯಿರಿ ಇಲ್ಲವೇ ಒಂದು ಪ್ರಬಂಧ ಕೊಡಿ ಎಂದರು. ಪ್ರಬಂಧ ಆರಿಸಿಕೊಂಡ ಡೇವಿಡ್ ಹಫ್‌ಮನ್, ತನ್ನ ಗುರುವಿಗೂ ಪೂರ್ತಿ ಬಿಡಿಸಲಾಗದೆ ಉಳಿದಿದ್ದ ಸಮಸ್ಯೆಯನ್ನು ಬಿಡಿಸಿಬಿಟ್ಟ. 1952ರಲ್ಲಿ ಅದು ಅಚ್ಚಾಯಿತು. ತತ್ವ ಸರಳ. ಹೆಚ್ಚು ಸಲ ಬರುವುದಕ್ಕೆ ಗಿಡ್ಡ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ತಿಳಿಯಾದ ಆಕಾಶದ ಫೋಟೊದಲ್ಲಿ ಒಂದೇ ನೀಲಿ ಸಾವಿರಾರು ಬಾರಿ ಬಂದರೆ ಅದಕ್ಕೆ ಎರಡೇ ಬಿಟ್ ಸಾಕು. ಎಲ್ಲೋ ಮೂಲೆಯ ಹಕ್ಕಿಯ ಕಣ್ಣಿನ ಕಪ್ಪಿಗೆ ಹನ್ನೆರಡೋ ಹದಿನೈದೋ ಬಿಟ್ ಕೊಟ್ಟರೂ ನಷ್ಟವಿಲ್ಲ. ಯಾವ ಬಣ್ಣಕ್ಕೆ ಎಷ್ಟು ಉದ್ದದ ಸಂಕೇತ ಎಂಬ ಪಟ್ಟಿ ಚಿತ್ರದ ಫೈಲಿನಲ್ಲೇ ಇರುತ್ತದೆ. ಬ್ರೌಸರ್ ಆ ಪಟ್ಟಿಯನ್ನು ಓದಿ, ಬೇಗ ಹುಡುಕಲು ಅನುಕೂಲವಾಗುವಂಥ ಕೋಷ್ಟಕವೊಂದನ್ನು ಮೆಮೊರಿಯಲ್ಲಿ ಕಟ್ಟಿಕೊಂಡು ಚಿತ್ರ ಬಿಡಿಸುತ್ತದೆ.

ಆ ಕೋಷ್ಟಕಕ್ಕೆ ಎಷ್ಟು ಜಾಗ ಬೇಕು? ಲಿಬ್‌ವೆಬ್‌ಪಿ ಬರೆದವರು ಇದನ್ನು ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಕೆಂಪು, ನೀಲಿ ಮತ್ತು ಪಾರದರ್ಶಕತೆಗೆ ತಲಾ 630 ಮನೆ, ದೂರದ ಸಂಕೇತಗಳಿಗೆ 410, ಹಸಿರಿಗೆ 654. ತೀರಾ ಸರಳ ಚಿತ್ರವಾದರೆ ಒಟ್ಟು 2,954 ಮನೆ. ಒಂದೊಂದಕ್ಕೆ 4 ಬೈಟ್‌ನಂತೆ 11,816 ಬೈಟ್. ಈ ಗರಿಷ್ಠ ಸಂಖ್ಯೆಗಳನ್ನು ಅವರು ಊಹೆಯಿಂದ ಇಟ್ಟದ್ದಲ್ಲ. ಮಾರ್ಕ್ ಆ್ಯಡ್ಲರ್ ಎಂಬ ಪ್ರಸಿದ್ಧ ಪರಿಣತ ಬರೆದ ಪ್ರೋಗ್ರಾಮಿನಿಂದ ಎಲ್ಲ ಸಾಧ್ಯತೆಗಳನ್ನೂ ತೂಗಿ ತೆಗೆದಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ನಿಯಮಬದ್ಧವಾದ ಸಂಕೇತಗಳಿಗೆ ಮಾತ್ರ ಅನ್ವಯಿಸುವ ಲೆಕ್ಕ. ನಿಯಮ ಮುರಿದ ಪಟ್ಟಿಯೊಂದನ್ನು ಯಾರಾದರೂ ಬೇಕೆಂದೇ ಫೈಲಿನಲ್ಲಿ ಇಟ್ಟರೆ? ಪಟ್ಟಿ ತಪ್ಪಾಗಿದೆ ಎಂದು ಕೋಡ್ ಕಂಡುಹಿಡಿಯುತ್ತಿತ್ತು, ಆದರೆ ಕೋಷ್ಟಕವನ್ನು ಬರೆದ ಮೇಲೆ. ಅಷ್ಟರಲ್ಲಿ ಮೀಸಲಿಟ್ಟ ಜಾಗದಾಚೆಗೂ ಬರೆದಾಗಿರುತ್ತಿತ್ತು.

ಜಾಗದಾಚೆಗೆ ಬರೆದರೆ ಏನು ಮಹಾ ಎಂದು ಕೇಳಬಹುದು. ಸಹಕಾರ ಸಂಘದ ಖಾತೆ ಪುಸ್ತಕದಲ್ಲಿ ಹೆಸರಿನ ಕಾಲಂನಲ್ಲಿ ಬರೆದದ್ದು ಗೆರೆ ದಾಟಿ ಪಕ್ಕದ ಮೊತ್ತದ ಕಾಲಂಗೆ ಹರಿಯಿತು ಎಂದುಕೊಳ್ಳಿ. ಅಲ್ಲಿ ಏನು ಬರೆದಿದೆಯೋ ಅದನ್ನೇ ಗುಮಾಸ್ತ ಮೊತ್ತವೆಂದು ಓದಿ ಹಣ ಎಣಿಸಿ ಕೊಡುತ್ತಾನೆ. ಮೆಮೊರಿಯಲ್ಲಿಯೂ ಕೋಷ್ಟಕದ ಪಕ್ಕದಲ್ಲಿ ಖಾಲಿ ಜಾಗವಿರುವುದಿಲ್ಲ. ಮುಂದೆ ಯಾವ ಕೆಲಸ ಮಾಡಬೇಕು, ಯಾವ ವಿಳಾಸಕ್ಕೆ ಹೋಗಬೇಕು ಎಂದು ಬ್ರೌಸರ್ ತನಗಾಗಿ ಬರೆದಿಟ್ಟುಕೊಂಡ ಮಾಹಿತಿ ಅಲ್ಲಿರಬಹುದು. ಅದರ ಮೇಲೆ ತನಗೆ ಬೇಕಾದ ಸಂಖ್ಯೆ ಬೀಳುವಂತೆ ಚಿತ್ರವನ್ನು ಹೆಣೆದವನು ಬ್ರೌಸರ್‌ನ ಹಿಡಿತವನ್ನೇ ಪಡೆಯಬಲ್ಲ. ಚಿತ್ರ ಪರದೆಯ ಮೇಲೆ ಮೂಡುವ ಮೊದಲೇ ಇದು ಮುಗಿದಿರುತ್ತದೆ. ನೋಡುವವರು ಬೆರಳು ಅಲ್ಲಾಡಿಸಬೇಕಾದ ಅಗತ್ಯವೂ ಇಲ್ಲ.

ಈ ದೋಷ ಲಿಬ್‌ವೆಬ್‌ಪಿಯ 0.5.0 ಆವೃತ್ತಿಯಿಂದ 1.3.1ರವರೆಗೆ ವರ್ಷಗಟ್ಟಲೆ ಕೂತಿತ್ತು. ಗಜಿಬಿಜಿ ಫೈಲುಗಳನ್ನು ಲಕ್ಷಗಟ್ಟಲೆ ಉಣಿಸಿ ತಂತ್ರಾಂಶ ಎಲ್ಲಿ ಮುಗ್ಗರಿಸುತ್ತದೆ ಎಂದು ಪರೀಕ್ಷಿಸುವ ಯಂತ್ರಗಳೂ ಇದನ್ನು ಹಿಡಿದಿರಲಿಲ್ಲ. ಮೊದಲ ಕೋಷ್ಟಕಗಳು ನಿಯಮ ಮೀರದೆಯೇ ಗರಿಷ್ಠ ಜಾಗ ತುಂಬಿ, ಕೊನೆಯದು ಮಾತ್ರ ನಿಯಮ ಮುರಿದಾಗಷ್ಟೇ ಬರಹ ಗಡಿ ದಾಟುತ್ತಿತ್ತು. ಅಂಥ ಫೈಲು ಆಕಸ್ಮಿಕವಾಗಿ ಹುಟ್ಟುವುದು ಅಸಾಧ್ಯವೆನ್ನುವಷ್ಟು ಅಪರೂಪ. ಕುಳಿತು ಯೋಚಿಸಿದ ಮನುಷ್ಯರೇ ಇದನ್ನು ಕಂಡುಕೊಂಡಿರಬೇಕು.

ಅದು ಬಯಲಾದದ್ದು ಹೀಗೆ. ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾ ಕೇಂದ್ರ, ವಾಷಿಂಗ್ಟನ್‌ನ ನಾಗರಿಕ ಸಂಘಟನೆಯೊಂದರ ಉದ್ಯೋಗಿಯ ಐಫೋನನ್ನು ಪರಿಶೀಲಿಸಿತು. ಚಿತ್ರವನ್ನು ಅಡಗಿಸಿಟ್ಟ ಸಂದೇಶಗಳ ಮೂಲಕ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಬೇಹು ತಂತ್ರಾಂಶ ಅದರೊಳಗೆ ಹೊಕ್ಕಿತ್ತು. 2023ರ ಸೆಪ್ಟೆಂಬರ್ 7ರಂದು ಆ್ಯಪಲ್ ಐಒಎಸ್ 16.6.1 ಕೊಟ್ಟಿತು. ಅದರ ಹಿಂದಿನ ದಿನವೇ ಆ್ಯಪಲ್‌ನ ಭದ್ರತಾ ತಂಡ ಮತ್ತು ಸಿಟಿಜನ್ ಲ್ಯಾಬ್ ಗೂಗಲ್‌ಗೂ ಒಂದು ದೋಷವನ್ನು ತಿಳಿಸಿದ್ದವು. ಎರಡರ ಬೇರೂ ಒಂದೇ ಎಂದು ಮುಂದೆ ಪರಿಣತರು ಗುರುತಿಸಿದರು. ಸೆಪ್ಟೆಂಬರ್ 11ಕ್ಕೆ ಕ್ರೋಮ್, 12ಕ್ಕೆ ಫೈರ್‌ಫಾಕ್ಸ್ ಮತ್ತು ಎಡ್ಜ್ ಅಪ್‌ಡೇಟ್ ಬಿಡುಗಡೆ ಮಾಡಿದವು.

ಈ ದಿನಾಂಕಗಳ ನಡುವೆ ಇನ್ನೊಂದು ದಿನಾಂಕವಿದೆ. ಲಿಬ್‌ವೆಬ್‌ಪಿ ಮುಕ್ತ ಕೋಡ್. ಅದಕ್ಕೆ ಮಾಡಿದ ತಿದ್ದುಪಡಿಯೂ ಯಾರು ಬೇಕಾದರೂ ಓದಬಹುದಾದ ಜಾಗದಲ್ಲೇ ದಾಖಲಾಗುತ್ತದೆ. ಆ ತಿದ್ದುಪಡಿಯ ಮೇಲೆ ಸೆಪ್ಟೆಂಬರ್ 7 ಎಂದಿದೆ. ಹಫ್‌ಮನ್ ಕೋಷ್ಟಕ ಕಟ್ಟುವಾಗ ಗಡಿ ಮೀರಿ ಬರೆಯುವುದನ್ನು ಸರಿಪಡಿಸಲಾಗಿದೆ ಎಂದು ಅದರ ತಲೆಬರಹವೇ ಸ್ಪಷ್ಟವಾಗಿ ಸಾರುತ್ತದೆ. ಯಾವ ಫೈಲಿನಲ್ಲಿ, ಯಾವ ಸಾಲಿನಲ್ಲಿ, ಏನು ತಪ್ಪಿತ್ತು ಎಂಬುದೆಲ್ಲ ಅಲ್ಲಿದೆ. ಗೂಗಲ್‌ನ ಪ್ರಾಜೆಕ್ಟ್ ಜೀರೊ ತಂಡದ ಮುಖ್ಯಸ್ಥರಾಗಿದ್ದ ಬೆನ್ ಹಾಕ್ಸ್ ಮತ್ತು ಇತರ ಪರಿಣತರು ಇದನ್ನೇ ಹಿಡಿದು ಹಿಂದಕ್ಕೆ ಸಾಗಿ, ಆ ತಿಂಗಳು ಮುಗಿಯುವ ಮೊದಲೇ ಲಿಬ್‌ವೆಬ್‌ಪಿಯನ್ನು ಬೀಳಿಸಬಲ್ಲ ಚಿತ್ರವನ್ನು ತಾವೇ ತಯಾರಿಸಿ ತೋರಿಸಿದರು. ಅವರ ಉದ್ದೇಶ ಎಲ್ಲರನ್ನೂ ಎಚ್ಚರಿಸುವುದು. ಅದೇ ದಾರಿಯಲ್ಲಿ ಕೆಟ್ಟ ಉದ್ದೇಶದವರೂ ನಡೆಯಬಲ್ಲರು.

ಅಪ್‌ಡೇಟ್ ಬಂದ ದಿನದಿಂದ ಅಪಾಯ ಏರುವುದು ಇದಕ್ಕೇ. ಸೆಪ್ಟೆಂಬರ್ 6ರವರೆಗೆ ಈ ರಂಧ್ರ ಗೊತ್ತಿದ್ದದ್ದು ಬೆರಳೆಣಿಕೆಯ, ಬಹಳ ಹಣ ಸುರಿಯಬಲ್ಲ ಬೇಹುಗಾರರಿಗೆ. ಅವರು ಅದನ್ನು ದೊಡ್ಡ ಬೇಟೆಗೆಂದು ಜೋಪಾನ ಮಾಡುತ್ತಾರೆ. ತುಮಕೂರಿನ ಶಿಕ್ಷಕಿಯ ಮೇಲೋ ಗಂಗಾವತಿಯ ಅಕ್ಕಿ ವ್ಯಾಪಾರಿಯ ಮೇಲೋ ಅದನ್ನು ಖರ್ಚು ಮಾಡುವುದಿಲ್ಲ. ತಿದ್ದುಪಡಿ ಹೊರಬಿದ್ದ ಮೇಲೆ ಹಳೆಯ ಕೋಡನ್ನೂ ಹೊಸ ಕೋಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಯಾರಿಗಾದರೂ ರಂಧ್ರ ಎಲ್ಲಿತ್ತೆಂದು ತಿಳಿಯುತ್ತದೆ. ಬಚ್ಚಿಡುವಂಥದ್ದು ಏನೂ ಉಳಿಯದ ಕಾರಣ ಸಿಕ್ಕಸಿಕ್ಕವರ ಮೇಲೆ ಪ್ರಯೋಗಿಸಲು ಹಿಂಜರಿಕೆಯೂ ಇರುವುದಿಲ್ಲ. ಮೈಕ್ರೋಸಾಫ್ಟ್ 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಭದ್ರತಾ ವಲಯದವರು ಮರುದಿನವನ್ನು ದಾಳಿಯ ಬುಧವಾರ ಎಂದೇ ಕರೆಯುತ್ತ ಬಂದಿದ್ದಾರೆ.

ಬ್ರೌಸರ್ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು. ಮುಕ್ತ ಕೋಡ್‌ನಲ್ಲಿ ತಿದ್ದುಪಡಿ ಕಾಣಿಸಿಕೊಂಡ ಗಳಿಗೆಗೂ ಅದು ಬಳಕೆದಾರರ ಕೈ ಸೇರುವ ಗಳಿಗೆಗೂ ನಡುವಿನ ಅಂತರವನ್ನು ಕುಗ್ಗಿಸುವುದೇ ಅವರ ದೊಡ್ಡ ಚಿಂತೆ. ಕ್ರೋಮ್‌ನ 77ನೇ ಆವೃತ್ತಿಯ ಕಾಲಕ್ಕೆ ಈ ಅಂತರ ಸರಾಸರಿ 35 ದಿನವಿತ್ತು. ಎರಡು ವಾರಕ್ಕೊಮ್ಮೆ ಭದ್ರತಾ ಅಪ್‌ಡೇಟ್ ಕೊಡತೊಡಗಿದ ಮೇಲೆ ಅದು 15 ದಿನಕ್ಕೆ ಇಳಿಯಿತು. 2023ರ ಆಗಸ್ಟ್‌ನಲ್ಲಿ ಬಂದ 116ನೇ ಆವೃತ್ತಿಯಿಂದ ವಾರಕ್ಕೊಮ್ಮೆ ಕೊಡುವುದು ಶುರುವಾಯಿತು. ಬ್ರೌಸರ್ ಇಷ್ಟೊಂದು ಸಲ ಅಪ್‌ಡೇಟ್ ಕೇಳುತ್ತದಲ್ಲ ಎಂದು ಬೇಸರಪಡುವವರು ಈ ಲೆಕ್ಕವನ್ನು ನೆನೆಯಬೇಕು. ಅವರು ಎಷ್ಟೇ ಬೇಗ ಕೊಟ್ಟರೂ ಕೊನೆಯ ಗಜದೂರ ನಮ್ಮ ಕೈಯಲ್ಲಿದೆ.

ಮೂಲದಲ್ಲೇ ಇಂಥ ದೋಷ ಹುಟ್ಟದಂತೆ ಮಾಡಲಾಗದೇ ಎಂಬ ಪ್ರಶ್ನೆ ಏಳುವುದು ಸಹಜ. 2015ರಿಂದೀಚೆಗೆ ಸಿಕ್ಕ 912 ಗಂಭೀರ ದೋಷಗಳನ್ನು ಕ್ರೋಮಿಯಂ ತಂಡ ವಿಶ್ಲೇಷಿಸಿದಾಗ ಸುಮಾರು ಶೇ. 70ರಷ್ಟು ಮೆಮೊರಿಯನ್ನು ತಪ್ಪಾಗಿ ಮುಟ್ಟಿದ್ದರಿಂದ ಆದವು ಎಂದು ತಿಳಿಯಿತು. ಸಿ ಮತ್ತು ಸಿ++ ಭಾಷೆಗಳು ಗೆರೆ ದಾಟಿ ಬರೆಯುವುದನ್ನು ತಾವಾಗಿ ತಡೆಯುವುದಿಲ್ಲ. ಹಾಗೆ ತಡೆಯುವ ರಸ್ಟ್ ಭಾಷೆ ಮೊಝಿಲ್ಲಾದ ಆಶ್ರಯದಲ್ಲಿ ಬೆಳೆಯಿತು. 2017ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 57ರಲ್ಲಿ ಪುಟದ ಅಂದಚೆಂದ ಲೆಕ್ಕ ಹಾಕುವ ಭಾಗವೇ ರಸ್ಟ್‌ನಲ್ಲಿತ್ತು. ಕ್ರೋಮ್ ಕೂಡ 2023ರಿಂದ ಈ ಭಾಷೆಗೆ ಬಾಗಿಲು ತೆರೆದಿದೆ. ಜೊತೆಗೆ ಪುಟಗಳನ್ನು ಬಿಡಿಸುವ ಕೆಲಸವನ್ನು ಅಧಿಕಾರ ಕಡಿಮೆಯಿರುವ ಬೇರೆ ಬೇರೆ ಪ್ರಕ್ರಿಯೆಗಳಿಗೆ ಒಪ್ಪಿಸಿ ಸುತ್ತ ಬೇಲಿ ಹಾಕಲಾಗಿದೆ. ಮಂಗೋಲಿಯಾದ ದಾಳಿಗೆ ಎರಡು ದೋಷಗಳ ಸರಪಳಿ ಬೇಕಾಯಿತಲ್ಲ, ಅದಕ್ಕೆ ಕಾರಣ ಈ ಬೇಲಿ. ಒಂದು ಒಳಹೋಗಲು, ಇನ್ನೊಂದು ಬೇಲಿ ಹಾರಲು. ಇವೆಲ್ಲ ಒಳ್ಳೆಯ ಬೆಳವಣಿಗೆಗಳು. ಆದರೆ ಕೋಟಿಗಟ್ಟಲೆ ಸಾಲುಗಳನ್ನು ಹೊಸ ಭಾಷೆಗೆ ಬದಲಿಸುವುದು ದಶಕಗಳ ಕೆಲಸ. ಅಲ್ಲಿಯವರೆಗೆ ದೋಷ ಸಿಗುತ್ತಿರುತ್ತವೆ, ಅಪ್‌ಡೇಟ್ ಬರುತ್ತಿರುತ್ತವೆ.

ಅಪ್‌ಡೇಟ್ ಮಾಡುವ ಹೊಣೆಯನ್ನು ಪೂರ್ತಿ ಬಳಕೆದಾರರ ಮೇಲೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ತೋರಿಸಿಕೊಟ್ಟಿತ್ತು. 2001ರಲ್ಲಿ ಬಂದ ಆ ಬ್ರೌಸರ್ 2009ರಲ್ಲೂ ಕಚೇರಿಗಳಲ್ಲಿ ನಡೆಯುತ್ತಿತ್ತು. ಆ ಡಿಸೆಂಬರ್‌ನಲ್ಲಿ ಗೂಗಲ್ ಸೇರಿದಂತೆ ಹಲವು ಕಂಪನಿಗಳೊಳಗೆ ನುಗ್ಗಿದ ಆಪರೇಷನ್ ಅರೋರಾ ದಾಳಿಕೋರರು ಬಳಸಿಕೊಂಡ ದೋಷ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನದ್ದೇ. ಜರ್ಮನಿ ಮತ್ತು ಫ್ರಾನ್ಸ್‌ನ ಸರ್ಕಾರಿ ಭದ್ರತಾ ಸಂಸ್ಥೆಗಳು ಆಗ ಬೇರೆ ಬ್ರೌಸರ್ ಬಳಸಿ ಎಂದು ಜನರಿಗೆ ಸಲಹೆ ಕೊಟ್ಟವು.

2008ರ ಸೆಪ್ಟೆಂಬರ್‌ನಲ್ಲಿ ಬಂದ ಕ್ರೋಮ್ ಬೇರೆ ದಾರಿ ಹಿಡಿಯಿತು. ಕೇಳದೆ, ಹೇಳದೆ, ಹಿನ್ನೆಲೆಯಲ್ಲಿ ತಾನೇ ಹೊಸ ಆವೃತ್ತಿಯನ್ನು ಇಳಿಸಿಕೊಂಡು ಸಿದ್ಧಮಾಡಿಟ್ಟುಕೊಳ್ಳುವುದು. ಇದರ ಫಲವನ್ನು ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯ ಸ್ಟೆಫಾನ್ ಫ್ರೈ ಮತ್ತು ಗೂಗಲ್‌ನ ಥಾಮಸ್ ಡ್ಯೂಬೆನ್‌ಡಾರ್ಫರ್ 2009ರಲ್ಲಿ ಅಳೆದು ನೋಡಿದರು. ಹೊಸ ಆವೃತ್ತಿ ಬಂದ 21 ದಿನಗಳಲ್ಲಿ ಕ್ರೋಮ್ ಬಳಸುವವರಲ್ಲಿ ಶೇ. 97ರಷ್ಟು ಮಂದಿ ಅದಕ್ಕೆ ಬದಲಾಗಿದ್ದರು. ಬಳಕೆದಾರರ ಒಪ್ಪಿಗೆ ಕೇಳುತ್ತಿದ್ದ ಫೈರ್‌ಫಾಕ್ಸ್‌ನಲ್ಲಿ ಶೇ. 85, ಸಫಾರಿಯಲ್ಲಿ ಶೇ. 53. ಅಂದಿನ ಒಪೆರಾದಲ್ಲಿ ಹೊಸದನ್ನು ತಾವೇ ಹೋಗಿ ತಂದು ಮತ್ತೆ ಅಳವಡಿಸಿಕೊಳ್ಳಬೇಕಿತ್ತು. ಅಲ್ಲಿ ಶೇ. 24. ಜನರ ಸೋಮಾರಿತನವನ್ನು ಬೈಯುವವರು ಈ ಅಂಕಿಗಳನ್ನು ನೋಡಬೇಕು. ಕೆಲಸ ಸುಲಭವಾಗಿದ್ದಲ್ಲಿ ಜನ ಸುರಕ್ಷಿತರಾದರು, ಕಷ್ಟವಾಗಿದ್ದಲ್ಲಿ ಹಿಂದೆ ಬಿದ್ದರು. ಇಂದು ಮುಖ್ಯ ಬ್ರೌಸರ್‌ಗಳೆಲ್ಲ ಕ್ರೋಮ್‌ನ ದಾರಿಗೇ ಬಂದಿವೆ.

ಹಾಗಾದರೆ ಮಾಡುವುದಕ್ಕೇನು ಉಳಿದಿದೆ? ಒಂದು ಕೆಲಸ ಉಳಿದಿದೆ, ಅದನ್ನು ಬ್ರೌಸರ್ ತಾನಾಗಿ ಮಾಡಿಕೊಳ್ಳಲಾರದು. ಓಡುತ್ತಿರುವ ಬ್ರೌಸರ್‌ನ ಕೋಡ್ ಮೆಮೊರಿಯಲ್ಲಿರುತ್ತದೆ. ಹಿನ್ನೆಲೆಯಲ್ಲಿ ಇಳಿದ ಹೊಸ ಕೋಡ್ ಡಿಸ್ಕಿನಲ್ಲಿರುತ್ತದೆ. ವಿಂಡೋಸ್‌ನಲ್ಲಿ ಕ್ರೋಮ್ ಇರುವ ಫೋಲ್ಡರನ್ನು ತೆರೆದರೆ ಕೆಲವೊಮ್ಮೆ ಎರಡು ಆವೃತ್ತಿ ಸಂಖ್ಯೆಗಳ ಹೆಸರಿನ ಎರಡು ಫೋಲ್ಡರ್‌ಗಳು ಅಕ್ಕಪಕ್ಕ ಕೂತಿರುವುದು ಕಾಣುತ್ತದೆ. ಒಂದು ಈಗ ನಡೆಯುತ್ತಿರುವ ಹಳೆಯದು, ಇನ್ನೊಂದು ಸರದಿಗಾಗಿ ಕಾದಿರುವ ಹೊಸದು. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯುವವರೆಗೆ ನೀವು ಬಳಸುತ್ತಿರುವುದು ಹಳೆಯದನ್ನೇ. ಈಗ ಲ್ಯಾಪ್‌ಟಾಪನ್ನು ಯಾರೂ ಶಟ್‌ಡೌನ್ ಮಾಡುವುದಿಲ್ಲ, ಮುಚ್ಚಳ ಮುಚ್ಚಿ ಏಳುತ್ತಾರೆ. ನಲವತ್ತು ಟ್ಯಾಬ್ ತೆರೆದಿಟ್ಟುಕೊಂಡು ವಾರಗಟ್ಟಲೆ ಹಾಗೇ ನಡೆಸುವವರು ನಮ್ಮ ಕಚೇರಿಗಳಲ್ಲಿ, ಪತ್ರಿಕಾಲಯಗಳಲ್ಲಿ ಎಷ್ಟೋ ಮಂದಿ. ದೋಷ ಸಿಕ್ಕಿತು, ಎಂಜಿನಿಯರ್‌ಗಳು ರಾತ್ರಿ ಹಗಲು ಕೂತು ಸರಿಪಡಿಸಿದರು, ಅದು ಖಂಡಾಂತರ ದಾಟಿ ನಿಮ್ಮ ಮೇಜಿನ ಮೇಲಿನ ಯಂತ್ರದೊಳಗೂ ಬಂದು ಸೇರಿತು. ಅಲ್ಲಿ ಒಂದು ಕ್ಲಿಕ್ಕಿಗಾಗಿ ಕಾಯುತ್ತ ಉಳಿಯಿತು. ನನಗೆ ಈ ವಿಷಯದಲ್ಲಿ ಅತ್ಯಂತ ಸಂಕಟವೆನಿಸುವುದು ಇದೇ ಹಂತ.

ಕ್ರೋಮ್‌ನ ಬಲ ಮೇಲ್ತುದಿಯ ಮೂರು ಚುಕ್ಕಿಗಳ ಕಡೆಗೊಮ್ಮೆ ನೋಡಿ. ಅಪ್‌ಡೇಟ್ ಕಾದಿದ್ದರೆ ಅಲ್ಲಿ ಸೂಚನೆ ಇರುತ್ತದೆ. ಹಸಿರಿದ್ದರೆ ಬಂದು ಎರಡು ದಿನದೊಳಗೆ, ಕಿತ್ತಳೆಯಾದರೆ ನಾಲ್ಕು ದಿನ, ಕೆಂಪಾದರೆ ವಾರವೇ ಕಳೆದಿದೆ ಎಂದರ್ಥ. ಚುಕ್ಕಿ ಒತ್ತಿ, ಹೆಲ್ಪ್, ಆಮೇಲೆ ಅಬೌಟ್ ಗೂಗಲ್ ಕ್ರೋಮ್‌ಗೆ ಹೋದರೆ ಅದು ಆಗಲೇ ಹೊಸದಿದೆಯೇ ಎಂದು ವಿಚಾರಿಸಿ, ಇಳಿಸಿಕೊಂಡು, ರೀಲಾಂಚ್ ಎಂಬ ಗುಂಡಿ ತೋರಿಸುತ್ತದೆ. ಎಡ್ಜ್ ಮತ್ತು ಫೈರ್‌ಫಾಕ್ಸ್‌ನಲ್ಲಿಯೂ ಅಬೌಟ್ ಎಂಬ ಜಾಗದಲ್ಲೇ ಇದು ಸಿಗುತ್ತದೆ. ಒತ್ತಿದರೆ ಟ್ಯಾಬ್‌ಗಳೆಲ್ಲ ಮರಳಿ ಬರುತ್ತವೆ. ಇನ್‌ಕಾಗ್ನಿಟೊ ಟ್ಯಾಬ್‌ಗಳು ಮಾತ್ರ ಬರುವುದಿಲ್ಲ. ಅರ್ಧ ತುಂಬಿದ ಅರ್ಜಿ ಇದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಿ.

ಫೋನಿನಲ್ಲಿ ತೊಡಕು ಬೇರೆ ಥರದ್ದು. ಆಂಡ್ರಾಯ್ಡ್‌ನಲ್ಲಿ ಬ್ರೌಸರ್‌ನ ಅಪ್‌ಡೇಟ್ ಪ್ಲೇ ಸ್ಟೋರ್ ಮೂಲಕ ಬರುತ್ತದೆ. ವೈಫೈ ಇದ್ದಾಗ, ಚಾರ್ಜ್‌ಗೆ ಹಾಕಿದಾಗ ಅದು ತಾನಾಗಿ ಆಗಬೇಕು. ಆದರೆ ನಮ್ಮಲ್ಲಿ ಬಹಳ ಮನೆಗಳಿಗೆ ವೈಫೈ ಇಲ್ಲ. ಡೇಟಾ ಉಳಿಸಲೆಂದು ಆಟೊ ಅಪ್‌ಡೇಟ್ ಆಫ್ ಮಾಡಿಟ್ಟವರಿದ್ದಾರೆ. ಎಷ್ಟೋ ಫೋನುಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ಬಂದ ಶುಭೋದಯದ ಚಿತ್ರಗಳೂ ಮದುವೆ ವಿಡಿಯೊಗಳೂ ತುಂಬಿ ಸ್ಟೋರೇಜ್ ಮುಗಿದಿರುತ್ತದೆ, ಅಪ್‌ಡೇಟ್ ಇಳಿಯಲು ಜಾಗವೇ ಇರುವುದಿಲ್ಲ. ನಿಮ್ಮ ಹಿರಿಯರ ಫೋನ್ ತೆಗೆದು ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್‌ಗಳ ಪಟ್ಟಿ ನೋಡಿದರೆ ಇದು ಅರ್ಥವಾಗುತ್ತದೆ. ಅದೇ ಪಟ್ಟಿಯಲ್ಲಿ ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಎಂಬ ಇನ್ನೊಂದು ಹೆಸರು ಇರಬಹುದು. ಸುದ್ದಿ ಆ್ಯಪ್, ಶಾಪಿಂಗ್ ಆ್ಯಪ್‌ಗಳು ತಮ್ಮೊಳಗೇ ವೆಬ್ ಪುಟ ತೋರಿಸುವಾಗ ಬಳಸುವುದು ಇದನ್ನು. ಕ್ರೋಮ್ ಜೊತೆಗೆ ಇದೂ ಹೊಸದಾಗಿರಬೇಕು. ಐಫೋನ್‌ನಲ್ಲಿ ಸಫಾರಿ ಬೇರೆಯಾಗಿ ಅಪ್‌ಡೇಟ್ ಆಗುವುದಿಲ್ಲ, ಐಒಎಸ್ ಜೊತೆಗೇ ಬರುತ್ತದೆ. ನಮ್ಮ ದೇಶದಲ್ಲಿ ಐಫೋನ್‌ನ ಕ್ರೋಮ್ ಕೂಡ ಒಳಗೆ ಆ್ಯಪಲ್‌ನ ವೆಬ್‌ಕಿಟ್ ಎಂಜಿನ್ನನ್ನೇ ಬಳಸುವುದರಿಂದ ಐಒಎಸ್ ಅಪ್‌ಡೇಟ್ ತಪ್ಪಿಸುವಂತಿಲ್ಲ.

ಅಪ್‌ಡೇಟ್ ಬರುವುದೇ ನಿಂತುಹೋದ ಯಂತ್ರಗಳ ವಿಷಯ ಇದಕ್ಕಿಂತ ಕಷ್ಟದ್ದು. ವಿಂಡೋಸ್ 7 ಮತ್ತು 8.1ಕ್ಕೆ ಸಿಕ್ಕ ಕೊನೆಯ ಕ್ರೋಮ್ ಎಂದರೆ 109. 2023ರ ಫೆಬ್ರವರಿಯಲ್ಲಿ ಬಂದ 110ಕ್ಕೆ ವಿಂಡೋಸ್ 10 ಬೇಕು. ಕರ್ನಾಟಕದ ಊರೂರಿನ ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಮುದ್ರಣಾಲಯಗಳಲ್ಲಿ ವಿಂಡೋಸ್ 7 ಇನ್ನೂ ಉಳಿದಿರುವುದಕ್ಕೆ ತಕ್ಕ ಕಾರಣವಿದೆ. ಪೇಜ್‌ಮೇಕರ್‌ನಲ್ಲಿ ಹಳೆಯ ಶ್ರೀಲಿಪಿ, ನುಡಿ ಫಾಂಟ್‌ಗಳಲ್ಲಿ ವರ್ಷಗಟ್ಟಲೆ ಮಾಡಿಟ್ಟ ಪುಟಗಳು ಹೊಸ ಯಂತ್ರದಲ್ಲಿ ಸರಿಯಾಗಿ ತೆರೆಯದಿದ್ದರೆ ಅವರ ಹೊಟ್ಟೆಪಾಡಿಗೇ ತೊಂದರೆ. ಅವರಿಗೆ ನನ್ನ ಮಾತಿಷ್ಟೇ. ಆ ಯಂತ್ರವನ್ನು ಪುಟ ಕಟ್ಟಲು ಇಟ್ಟುಕೊಳ್ಳಿ, ಅದರಿಂದ ಇಂಟರ್‌ನೆಟ್ ಕಿತ್ತುಬಿಡಿ. ಬ್ಯಾಂಕಿನ ಕೆಲಸ, ಮೇಲ್, ಗ್ರಾಹಕರ ಆಧಾರ್ ಸಂಬಂಧಿತ ಅರ್ಜಿಗಳನ್ನು ಅದರಲ್ಲಿ ಮಾಡಬೇಡಿ. ಅಂಗಡಿಯ ಒಂದು ಕಂಪ್ಯೂಟರ್‌ನಲ್ಲಿ ದಿನಕ್ಕೆ ಹತ್ತಾರು ಮಂದಿ ಲಾಗಿನ್ ಆಗುತ್ತಾರೆ. ಆ ಒಂದು ಬ್ರೌಸರ್ ಹಳೆಯದಾದರೆ ಸಂಕಷ್ಟಕ್ಕೆ ಬೀಳುವುದು ಅವರೆಲ್ಲರೂ.

ಅಪ್‌ಡೇಟ್ ಮಾಡಿ ಎಂದು ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು, ಏಕೆಂದರೆ ಈ ಸಲಹೆಯನ್ನೇ ಬಲೆಯಾಗಿ ಬಳಸುವವರಿದ್ದಾರೆ. ಸಾಕ್‌ಘೋಲಿಶ್ ಎಂದು ಪರಿಣತರು ಹೆಸರಿಟ್ಟ ಜಾಲವೊಂದು ವರ್ಷಗಳಿಂದ ಇದನ್ನು ಮಾಡುತ್ತಿದೆ. ಅದು ಯಾವುದೋ ಸಾಚಾ ತಾಣಕ್ಕೆ ಕನ್ನ ಹಾಕಿ, ಅಲ್ಲಿಗೆ ಬಂದವರಿಗೆ ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ ಎಂಬ ಪುಟ ತೋರಿಸುತ್ತದೆ. ಕ್ರೋಮ್‌ನ ಲಾಂಛನ, ಬಣ್ಣ, ಅಕ್ಷರ ಎಲ್ಲ ತದ್ರೂಪ. ಒತ್ತಿದರೆ ಇಳಿಯುವುದು ದುಷ್ಟ ತಂತ್ರಾಂಶ. ಗುರುತಿಸಲು ಒಂದೇ ಸೂತ್ರ ಸಾಕು. ಅಸಲಿ ಅಪ್‌ಡೇಟ್ ಎಂದೂ ವೆಬ್ ಪುಟದ ಒಳಗಿನಿಂದ ಬರುವುದಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲಾಗಿ ಬರುವುದಿಲ್ಲ, ಫೋನ್ ಕರೆಯಲ್ಲಿ ಯಾರೋ ಹೇಳಿಕೊಡುವಂತೆಯೂ ಬರುವುದಿಲ್ಲ. ಅದು ಬ್ರೌಸರ್‌ನ ಸ್ವಂತ ಮೆನುವಿನಲ್ಲಿರುತ್ತದೆ ಅಥವಾ ಫೋನಿನ ಆ್ಯಪ್ ಅಂಗಡಿಯಲ್ಲಿರುತ್ತದೆ. ಅನುಮಾನ ಬಂದರೆ ಪುಟ ಮುಚ್ಚಿ, ನೀವೇ ಮೆನುವಿಗೆ ಹೋಗಿ ನೋಡಿ.

ಹೊಸ ಬ್ರೌಸರ್ ಎಲ್ಲ ಮೋಸಗಳನ್ನೂ ತಡೆಯುತ್ತದೆ ಎಂದು ನಾನು ಹೇಳಲಾರೆ. ನಮ್ಮ ಊರುಗಳಲ್ಲಿ ಹಣ ಕಳೆದುಕೊಂಡವರ ಕಥೆಗಳನ್ನು ಕೇಳಿದರೆ, ಹಲವು ಕಡೆ ಕಳ್ಳರಿಗೆ ಬ್ರೌಸರ್‌ನ ರಂಧ್ರ ಬೇಕಾಗಿಯೇ ಇರಲಿಲ್ಲ. ಒಂದು ಹೆದರಿಕೆಯ ಕರೆ, ಒಂದು ಒಟಿಪಿ ಸಾಕಾಯಿತು. ಆ ಮೋಸಕ್ಕೆ ಮದ್ದು ಬೇರೆ, ಮತ್ತು ಹಾಗಾದಾಗ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆದರೆ ಆ ಕರೆಯಲ್ಲಿ ಮನುಷ್ಯನಿಗೆ ಅನುಮಾನಪಡಲು ಒಂದು ಅವಕಾಶವಾದರೂ ಇರುತ್ತದೆ. ಬ್ರೌಸರ್‌ನ ರಂಧ್ರದಿಂದ ಬಂದವರು ಅಂಥ ಯಾವ ಅವಕಾಶವನ್ನೂ ಕೊಡುವುದಿಲ್ಲ. ಅಲ್ಲಿ ನಮ್ಮ ಜಾಣತನ, ಅನುಭವ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಆವೃತ್ತಿ ಸಂಖ್ಯೆಯೊಂದೇ ಲೆಕ್ಕಕ್ಕೆ ಬರುತ್ತದೆ.

ಈ ಪುಟ ಮಡಚಿದ ಮೇಲೆ ದಯವಿಟ್ಟು ನಿಮ್ಮ ಬ್ರೌಸರ್‌ನ ಆ ಮೂರು ಚುಕ್ಕಿಗಳನ್ನು ಒತ್ತಿ ನೋಡಿ. ರೀಲಾಂಚ್ ಎಂದಿದ್ದರೆ ಈಗಲೇ ಒತ್ತಿ, ನಾಳೆಗೆ ಬಿಡಬೇಡಿ. ಆಮೇಲೆ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಯಾರ ಕೈಯಲ್ಲಿ ಫೋನ್ ಇದೆಯೋ ಅವರ ಬಳಿ ಕೂತು, ಬೇಡದ ನಾಲ್ಕು ವಿಡಿಯೊ ಅಳಿಸಿ ಜಾಗ ಮಾಡಿ, ಅವರ ಬ್ರೌಸರನ್ನೂ ಹೊಸದು ಮಾಡಿಕೊಡಿ.